ಅಂಚೆಯಣ್ಣನ ಕಾಲು ತಡೆದ ಡೇಟಾಬೇಸ್ ಡ್ರೈವರ್ ಅವರಿಗೆ

ಮಾನ್ಯರೇ,

ಕೃತಕ ಕಾಲು ತಯಾರಿಸುವ ಒಂದು ಸಣ್ಣ ಕಾರ್ಯಾಗಾರದ ಗಣಕ ಮೇಲ್ವಿಚಾರಕನಾದ ನಾನು, ಮೌಸನ್ನು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ ತಮಗೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ನಾಲ್ಕು ಆವೃತ್ತಿಗಳನ್ನು ಮೂರೇ ದಿನಗಳಲ್ಲಿ ಒಂದೇ ಕಂಪ್ಯೂಟರಿಗೆ ತುರುಕಿ, ಕಿತ್ತು, ಮತ್ತೆ ತುರುಕಿದವನು ತಮ್ಮ ಕ್ಷೇಮ ವಿಚಾರಿಸುವುದು ಹೊಡೆದವನೇ ಮುಲಾಮು ಹಿಡಿದು ಬಂದ ಹಾಗೆ ಕಾಣಬಹುದು. ಆದರೂ ಕಾಗದ ಎಂದ ಮೇಲೆ ಕ್ಷೇಮ ಕೇಳದೆ ಶುರುಮಾಡುವ ಅಭ್ಯಾಸ ನನಗಿಲ್ಲ.

ಈ ಪತ್ರವನ್ನು ನಾನಾಗಿ ಬರೆಯುತ್ತಿಲ್ಲವೆಂಬುದನ್ನು ಮೊದಲೇ ವಿನಂತಿಸಿಕೊಳ್ಳುತ್ತೇನೆ. ಕಳೆದ ವಾರ ಮೂರು ದಿನ ಕಾರ್ಯಾಗಾರದ ಕೆಲಸ ನಿಂತದ್ದೇಕೆ ಎಂದು ನಮ್ಮ ಅಧೀಕ್ಷಕರು ಕೇಳಿದಾಗ ನಾನು ಗಂಟಲು ಸರಿಮಾಡಿಕೊಂಡು "ಡ್ರೈವರ್ ಹೊಂದಾಣಿಕೆಯ ತಾಂತ್ರಿಕ ದೋಷ ಸಾರ್" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಹಾಗಾದ್ರೆ ಆ ಡ್ರೈವರ್ ಮೇಲೆ ಒಂದು ದೂರು ಬರೆದು ಫೈಲಿಗೆ ಹಾಕಿ, ಒಂದು ಪ್ರತಿ ನೋಟಿಸ್ ಬೋರ್ಡಿಗೂ ಇರಲಿ" ಎಂದು ಅಪ್ಪಣೆ ಕೊಟ್ಟರು. ಡ್ರೈವರ್ ಎಂದರೆ ಮನುಷ್ಯನಲ್ಲ, ನಮ್ಮ ಸಾಫ್ಟ್‌ವೇರ್ ಕೇಳಿದ್ದನ್ನು ಮಾಹಿತಿಯ ಉಗ್ರಾಣವಾದ ಡೇಟಾಬೇಸಿಗೆ ಅರ್ಥವಾಗುವಂತೆ ಹೇಳಿ, ಅದು ಕೊಟ್ಟದ್ದನ್ನು ಇತ್ತ ತಂದುಕೊಡುವ ಒಂದು ಸಣ್ಣ ಮಧ್ಯವರ್ತಿ ಎಂದು ಅವರಿಗೆ ವಿವರಿಸುವ ಧೈರ್ಯ ನನಗೆ ಬರಲಿಲ್ಲ. ವಿವರಿಸಿದ್ದರೆ ಅವರು ಮುಂದಿನ ಪ್ರಶ್ನೆ ಕೇಳುತ್ತಿದ್ದರು.

ಆದ್ದರಿಂದ ದೂರು ಹೀಗಿದೆ.

ನಮ್ಮಲ್ಲಿ ಮೇಸ್ತ್ರಿಯೊಬ್ಬರಿದ್ದಾರೆ. ಮೊಣಕಾಲಿನ ಕೆಳಗೆ ಕಾಲಿಲ್ಲದವರಿಗೆ, ಕಾಲಿನ ಉಳಿದ ಮೋಟು ಒಳಗೆ ಕೂರುವಂಥ ಬಟ್ಟಲನ್ನು ಅವರ ಹಾಗೆ ಮಾಡುವವರನ್ನು ನಾನು ಬೇರೆ ನೋಡಿಲ್ಲ. ಹಿಂದೆ ಅವರು ಪ್ರತಿಯೊಬ್ಬರಿಗೂ ಒಂದೊಂದು ಬಟ್ಟೆಯ ಪಟ್ಟಿ ಹರಿದು, ಕಾಲಿನ ಸುತ್ತಳತೆಗಳನ್ನು ಅದರ ಮೇಲೆ ಶಾಯಿಯ ಗೀಟಿನಲ್ಲಿ ಗುರುತಿಸಿ, ತುದಿಗೆ ಹೆಸರಿನ ಚೀಟಿ ಹೊಲಿದು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಪಟ್ಟಿಗಳು ಫ್ಯಾನಿನ ಗಾಳಿಗೆ ಅಲ್ಲಾಡುವುದನ್ನು ಕಂಡು ನನಗೆ ನಾಚಿಕೆಯಾಗುತ್ತಿತ್ತು. ಯಾಕೆ ಅಂದರೆ, ನೋಡಲು ಬರುವ ದೊಡ್ಡ ಮನುಷ್ಯರಿಗೆ ಏನನ್ನಿಸೀತೋ ಎಂದು. ಐದು ವರ್ಷದ ಹಿಂದೆ ಅಳತೆಗಳನ್ನೆಲ್ಲ ನನ್ನ ಕೈಯಾರೆ ಬರೆದ ಸಾಫ್ಟ್‌ವೇರಿಗೆ ತುಂಬಿಸಿ, ಗೋಡೆ ಖಾಲಿಮಾಡಿಸಿ, ಸುಣ್ಣ ಹೊಡೆಸಿ, ಮೊಳೆಗಳಿದ್ದ ಜಾಗದಲ್ಲಿ 'ಅಚ್ಚುಕಟ್ಟೇ ಆರೋಗ್ಯ' ಎಂಬ ಫಲಕ ಹಾಕಿಸಿದವನು ನಾನೇ. ಫಲಕದ ಅಕ್ಷರ ಆರಿಸಲು ಒಂದು ವಾರ ತೆಗೆದುಕೊಂಡೆ. ಸಾಫ್ಟ್‌ವೇರನ್ನು ಅದಕ್ಕೂ ಎಷ್ಟೋ ವರ್ಷ ಮೊದಲು, ಮೂವತ್ತೊಂದರ ಹರೆಯದಲ್ಲಿ, ಎರಡು ಭಾನುವಾರಗಳಲ್ಲಿ ಬರೆದಿದ್ದೆ. ಅದನ್ನು ಬದಲಿಸೋಣವೇ ಎಂದು ಯಾರಾದರೂ ಕೇಳಿದಾಗಲೆಲ್ಲ ನನ್ನ ಮೋರೆ ಸಣ್ಣದಾಗುತ್ತಿದ್ದುದರಿಂದ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಹೋದ ಬುಧವಾರ ಮಧ್ಯಾಹ್ನ ಕಾರ್ಯಾಗಾರದ ಹಳೆಯ ಕಂಪ್ಯೂಟರ್ ಒಂದು ಸಲ ಗುರ್ರ್ ಎಂದು, ಸುಟ್ಟ ವಾಸನೆ ಬಿಟ್ಟು ಪ್ರಾಣ ಬಿಟ್ಟಿತು. ಡೇಟಾಬೇಸ್ ಇದ್ದದ್ದು ಒಳಕೋಣೆಯ ಬೇರೆ ಯಂತ್ರದಲ್ಲಾದ್ದರಿಂದ ಅಳತೆಗಳೆಲ್ಲ ಕ್ಷೇಮವಾಗಿದ್ದವು. ಗುರುವಾರ ಬೆಳಿಗ್ಗೆ ಹೊಸ ಕಂಪ್ಯೂಟರ್ ಬಂತು, ನಾನು ತಮ್ಮನ್ನು ಬರಮಾಡಿಕೊಂಡು ಅದರಲ್ಲಿ ಕೂರಿಸಿದೆ, ನನ್ನ ಸಾಫ್ಟ್‌ವೇರನ್ನೂ ತಮ್ಮ ಪಕ್ಕದಲ್ಲೇ ಕೂರಿಸಿ, ಮೇಸ್ತ್ರಿಯನ್ನು ಕರೆದು "ನೋಡಿ, ಅರ್ಧ ಗಂಟೆ ಕೆಲಸ" ಎಂದು ಗುಂಡಿ ಒತ್ತಿದೆ. ಪರದೆಯ ಮೇಲೆ ಈ ಮಾತು ಬಂತು: 'ಸಂಪರ್ಕ ಸಿಗಲಿಲ್ಲ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.'

ಅದೇ ಹೊತ್ತಿಗೆ ಊರುಗೋಲಿನ ಮೇಲೆ ಅಂಚೆಯಣ್ಣ ಬಂದರು.

ಅಂಚೆಯಣ್ಣನ ಪರಿಚಯ ತಮಗೆ ಇರಲಾರದು; ಡೇಟಾಬೇಸಿನ ಒಂದು ಸಾಲಿನ ನಂಬರಾಗಿ ಎಷ್ಟೋ ಸಲ ತಮ್ಮ ಮೂಲಕ ಹಾದುಹೋಗಿದ್ದಾರೆ, ಅಷ್ಟೇ. ಚಿಕ್ಕಂದಿನಲ್ಲಿ ಎಡಗಾಲು ಕಳೆದುಕೊಂಡವರು, ಹನ್ನೆರಡು ವರ್ಷದಿಂದ ನಮ್ಮ ಮೇಸ್ತ್ರಿ ಮಾಡಿದ ಕಾಲಿನ ಮೇಲೆ ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ನಡೆದು ಮನೆಮನೆಗೆ ಕಾಗದ ಹಂಚುವವರು. ಆ ಕಾಲಿನ ಬಟ್ಟಲು ಸೀಳಿತ್ತು. ಸೀಳಿದ್ದರ ಮೇಲೇ ಎರಡು ದಿನ ನಡೆದು ಒಳಗಿನ ಮೋಟುಗಾಲು ಊದಿ, ಗಾಯವಾಗಿತ್ತು. ಸೋಮವಾರ ಹನ್ನೊಂದು ಗಂಟೆಗೆ ಅವರ ಇಲಾಖೆಯ ವೈದ್ಯರು ಅವರನ್ನು ನಡೆಸಿ ನೋಡುವವರಿದ್ದರು. ನಡೆಯಲಾಗದಿದ್ದರೆ ಅವರ ಬೀದಿಗಳನ್ನು ಬೇರೆಯವರಿಗೆ ಕೊಟ್ಟು, ಅವರನ್ನು ಶಾಶ್ವತವಾಗಿ ಒಳಗಿನ ಕೋಣೆಯಲ್ಲಿ ಕಾಗದ ವಿಂಗಡಿಸಲು ಕೂರಿಸುವುದೆಂದು ತೀರ್ಮಾನವಾಗಿತ್ತು. "ಕೂತು ಮಾಡೋ ಕೆಲಸ ಕೀಳು ಅಂತಲ್ಲ ಸಾರ್," ಅಂದರು ನನಗೆ, ನಾನು ಕೂತೇ ಕೆಲಸ ಮಾಡುವವನೆಂದು ನೆನಪಾಗಿ. "ಆದ್ರೆ ನಾಲ್ಕು ಗೋಡೆ ಮಧ್ಯೆ ನಂಗೆ ಉಸಿರಾಡಕ್ಕಾಗಲ್ಲ. ನಾನು ಬರೋದು ತಡವಾದ್ರೆ ಬಾಗಿಲಲ್ಲಿ ನಿಂತು ಕಾಯೋರು ಏಳೆಂಟು ಜನ ಇದ್ದಾರೆ."

ಮೇಸ್ತ್ರಿ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, ಈಗ ಅಳತೆ ತೆಗೆಯುವ ಹಾಗಿಲ್ಲ ಅಂದರು. "ಈಗ ಅಳೆದ್ರೆ ಊತಕ್ಕೆ ಕಾಲು ಮಾಡಿದ ಹಾಗಾಗುತ್ತೆ, ಮನುಷ್ಯನಿಗಲ್ಲ. ಎರಡು ತಿಂಗಳ ಹಿಂದೆ ತೆಗೆದ ಅಳತೆ ಕಂಪ್ಯೂಟರಲ್ಲಿದೆಯಲ್ಲ, ಅದನ್ನ ಕೊಡಿ, ಒಂದು ದಿನದಲ್ಲಿ ಮಾಡಿಕೊಡ್ತೀನಿ." ಹಳೆಯ ಬಟ್ಟೆಪಟ್ಟಿಗಳಲ್ಲಿ ಒಂದೆರಡನ್ನಾದರೂ ಯಾರಿಗೂ ಹೇಳದೆ ಎತ್ತಿಟ್ಟುಕೊಂಡಿದ್ದೀರಾ, ಹೊಸ ಅಳತೆಯನ್ನೂ ಹಾಗೇ ಎಲ್ಲಾದರೂ ಗುರುತು ಹಾಕಿಕೊಂಡಿದ್ದೀರಾ ಎಂದು ನಾನು ಆಸೆಯಿಂದ ಕೇಳಿದೆ. ಇಂಥ ಮೇಸ್ತ್ರಿಗಳು ಹಾಗೆ ಬಚ್ಚಿಟ್ಟುಕೊಂಡಿರುತ್ತಾರೆಂದು ನಾನು ನಂಬಿದ್ದೆ. ಅವರು ನನ್ನನ್ನೇ ನೋಡಿ "ಇಲ್ಲ ಸಾರ್. ನೀವು ಬೇಡ ಅಂದ್ರಲ್ಲ, ನಾನು ನಂಬಿದೆ" ಅಂದರು. ಬೈದಿದ್ದರೆ ಬೇಕಾದಷ್ಟು ಉತ್ತರ ಕೊಡುತ್ತಿದ್ದೆ.

ಇಲ್ಲಿಂದ ಮುಂದೆ, ಮಾನ್ಯರೇ, ತಮ್ಮ ಮೇಲಿನ ಆಪಾದನೆಗಳು.

ತಮಗೆ ಎರಡು ನಾಲಿಗೆ ಎಂಬುದು ನನ್ನ ಮೊದಲ ಆಪಾದನೆ. ಕಂಪ್ಯೂಟರಿನ ಸಿದ್ಧತೆಗಳ ಕಿಟಕಿ ತೆರೆದು, ತಮ್ಮ ಹೆಸರಿನ ಮುಂದೆ 'ಪರೀಕ್ಷಿಸು' ಎಂಬ ಗುಂಡಿ ಒತ್ತಿದಾಗಲೆಲ್ಲ ತಾವು ಡೇಟಾಬೇಸಿನ ತನಕ ಹೋಗಿ ಬಂದು, ಪರೀಕ್ಷೆ ಯಶಸ್ವಿ ಎಂದು ವಿನಯದಿಂದ ವರದಿ ಒಪ್ಪಿಸಿದಿರಿ. ನಾನು ನಲವತ್ತು ಸಲ ಒತ್ತಿದೆ, ನಲವತ್ತು ಸಲವೂ ಯಶಸ್ವಿ. ಅಲ್ಲಿಂದ ಎದ್ದು ನನ್ನ ಸಾಫ್ಟ್‌ವೇರಿಗೆ ಬಂದರೆ ಸಂಪರ್ಕ ಸಿಗಲಿಲ್ಲ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ನನ್ನ ಮುಖ ಕಂಡರೆ ಹೂಂ, ನನ್ನ ಸಾಫ್ಟ್‌ವೇರಿನ ಮುಖ ಕಂಡರೆ ಊಹೂಂ. ಇದನ್ನು ಮೇಸ್ತ್ರಿಗೆ ವಿವರಿಸಿ, ಡ್ರೈವರ್ ಬಹಳ ಕಪಟಿ ಎಂದೆ. ನನ್ನ ಸಾಫ್ಟ್‌ವೇರಿನಲ್ಲಿ ತಪ್ಪಿರಬಹುದೆಂಬ ಯೋಚನೆ ಆಗ ನನ್ನ ಹತ್ತಿರ ಸುಳಿಯಲಿಲ್ಲ, ಸುಳಿದಿದ್ದರೂ ಅದಕ್ಕೆ ಕೂರಲು ಕುರ್ಚಿ ಕೊಡುತ್ತಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಾನು ಬೇರೆಯವರಿಗಾಗಿಯೇ ಕಲಿತವನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಮೊದಲು ಗೋಡೆಯುದ್ದಕ್ಕೂ ಇದ್ದ ತಂತಿ ಬದಲಿಸಿದೆ. ಆಮೇಲೆ ಒಳಕೋಣೆಯ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂಮಾಡಿದೆ. ಆಮೇಲೆ ಗುಪ್ತಪದ ಬದಲಿಸಿದೆ, ಹೊಸ ಗುಪ್ತಪದ ಮರೆತೆ, ಅದನ್ನು ನೆನಪಿಸಿಕೊಳ್ಳಲು ಒಂದು ಗಂಟೆ ಹೋಯಿತು. ಸಂಜೆ ಐದಕ್ಕೆ, ಬೆಂಚಿನ ತುದಿಯಲ್ಲಿ ಊರುಗೋಲು ತಬ್ಬಿಕೊಂಡು ಕೂತಿದ್ದ ಅಂಚೆಯಣ್ಣನಿಗೆ "ಇವತ್ತು ಸ್ವಲ್ಪ ಸಮಸ್ಯೆ, ನಾಳೆ ಬನ್ನಿ" ಎಂದೆ. ಅವರು ಎರಡು ಬಸ್ಸು ಬದಲಿಸಿ ಮನೆಗೆ ಹೋದರು.

ಶುಕ್ರವಾರದ ಮುಂಜಾನೆ ನನಗೆ ಜ್ಞಾನೋದಯವಾಯಿತು, ಅದೇ ಎರಡನೇ ಆಪಾದನೆ: ತಾವು ಹಳಬರಾಗಿದ್ದೀರಿ. ಆದ್ದರಿಂದ ತಮ್ಮ ಅತಿ ಹೊಸ ಆವೃತ್ತಿಯನ್ನು ಇಳಿಸಿಕೊಂಡೆ. ಅದು ಬಂದದ್ದೇ ಒಳಕೋಣೆಯ ಡೇಟಾಬೇಸಿನ ಹಳೇ ಕಾಲದ ಗುಪ್ತಪದದ ಪದ್ಧತಿ ಸುರಕ್ಷಿತವಲ್ಲವೆಂದು ಮೂಗು ಮುರಿಯಿತು. ಹಿಂದಿನ ದಿನ ನಲವತ್ತು ಸಲ ಯಶಸ್ವಿಯಾಗಿದ್ದ ಪರೀಕ್ಷೆಯೂ ಈಗ ವಿಫಲ. ಇದ್ದೊಂದು ದಾರಿಯನ್ನೂ ನಾನು ಯಶಸ್ವಿಯಾಗಿ ಮುಚ್ಚಿದ್ದೆ. ಹಾಗಾದರೆ ಹಳೆಯದಕ್ಕೆ ಹಳೆಯದೇ ಸರಿ ಎಂದು ಏಳು ವರ್ಷದ ಹಿಂದಿನ ಆವೃತ್ತಿ ಹುಡುಕಿ ತಂದೆ. ಪರೀಕ್ಷೆ ಯಶಸ್ವಿ. ಸಾಫ್ಟ್‌ವೇರ್: ಸಂಪರ್ಕ ಸಿಗಲಿಲ್ಲ. ಸಾಫ್ಟ್‌ವೇರಿನ ಹಂಗೇ ಬೇಡ, ನೇರವಾಗಿ ಡೇಟಾಬೇಸಿನೊಳಗೆ ಕೈಹಾಕಿ ಅಂಚೆಯಣ್ಣನ ಅಳತೆ ಎತ್ತಿಕೊಳ್ಳೋಣವೆಂದು ಇನ್ನೊಂದು ಉಪಕರಣದಿಂದ ಇಣುಕಿದೆ. ಸಾಲು ಸಿಕ್ಕಿತು, ಅಳತೆಯ ಜಾಗದಲ್ಲಿ ಮಾತ್ರ ಅರ್ಥವಿಲ್ಲದ ಅಕ್ಷರಗಳ ಒಂದು ರಾಶಿ ಇತ್ತು. ರೋಗಿಗಳ ಗುಟ್ಟು ಕಾಪಾಡಲು ಹರೆಯದಲ್ಲಿ ನಾನೇ ಕಟ್ಟಿದ ಗೂಢಲಿಪಿ ಅದು. ಅದನ್ನು ಬಿಡಿಸಿ ಓದುವ ವಿದ್ಯೆ ನನ್ನ ಸಾಫ್ಟ್‌ವೇರಿಗೆ ಮಾತ್ರ ಗೊತ್ತು. ನನಗೂ ಒಮ್ಮೆ ಗೊತ್ತಿತ್ತು. ಅಷ್ಟು ಭದ್ರವಾಗಿ ಕಟ್ಟಿದ್ದಕ್ಕೆ ಆಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆನೆಂದು ನೆನಪು.

ಶುಕ್ರವಾರವೂ ಅಂಚೆಯಣ್ಣ ಬಂದರು, ಕೂತರು, ನಾಳೆ ಬನ್ನಿ ಎನ್ನಿಸಿಕೊಂಡು ಹೋದರು. ಕಾರಣ ಕೇಳಿದ್ದಕ್ಕೆ ನಾನು ಸರ್ವರು, ಪೋರ್ಟು, ಆವೃತ್ತಿ ಎಂದೆಲ್ಲ ಹತ್ತು ನಿಮಿಷ ಹೇಳಿದೆ. ಅರ್ಥವಾಯಿತೆನ್ನುವಂತೆ ಅವರು ತಲೆಯಾಡಿಸಿದರು. ನನಗೇ ಅರ್ಥವಾಗದ್ದು ಅವರಿಗೆ ಅರ್ಥವಾದಂತೆ ಕಂಡಿದ್ದರಿಂದ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಶನಿವಾರ ಬೆಳಿಗ್ಗೆ ನಾನು ತಮ್ಮನ್ನು ಬಾಯಿಬಿಟ್ಟೇ ಬಯ್ಯುತ್ತಿದ್ದೆ. ಮೇಸ್ತ್ರಿ ಕೆಲಸವಿಲ್ಲದೆ, ಬಟ್ಟಲು ಉಜ್ಜುವ ಅರಗಳನ್ನು ಮೂರನೇ ಸಲ ಒರೆಸಿಡುತ್ತಿದ್ದರು. ಊರುಗೋಲನ್ನು ಮೇಜಿಗೆ ಒರಗಿಸಿ ನಿಂತ ಅಂಚೆಯಣ್ಣ ಬಹಳ ಹೊತ್ತು ಪರದೆ ನೋಡಿ, "ಈ ಡ್ರೈವರ್ ಅನ್ನೋದು ಎಲ್ಲಿಂದ ಬಂದಿದ್ದು ಸಾರ್?" ಎಂದು ಕೇಳಿದರು. ಹೊರದೇಶದ್ದು, ಸಮುದ್ರದಾಚೆ ಮಾಡಿದ್ದು ಎಂದೆ, ಅದರಲ್ಲಿ ನನ್ನದೂ ಸ್ವಲ್ಪ ಪಾಲಿದ್ದ ಹಾಗೆ. ಅವರು ಮತ್ತೆ ಪರದೆ ನೋಡಿದರು. "ಮತ್ತೆ ಇಷ್ಟು ಚೆನ್ನಾಗಿ ಕನ್ನಡ ಬರೆಯುತ್ತಲ್ಲ?"

ಮಾನ್ಯರೇ, ಕುರ್ಚಿಯಲ್ಲಿ ಕೂತಿದ್ದ ನಾನು ಇನ್ನಷ್ಟು ಕೂತೆ. ಆ ಕನ್ನಡ ತಮ್ಮದಲ್ಲ, ನನ್ನದು. ಹದಿನಾರು ವರ್ಷದ ಹಿಂದೆ ಆ ಸಾಫ್ಟ್‌ವೇರ್ ಬರೆಯುವಾಗ, ತಾವು ಕಳಿಸುವ ತಪ್ಪಿನ ವಿವರಗಳು ಉದ್ದವೂ ಇಂಗ್ಲಿಷಿನಲ್ಲೂ ಇರುತ್ತವೆ, ಅದನ್ನು ಕಂಡು ನಮ್ಮ ಜನ ಗಾಬರಿಯಾಗುತ್ತಾರೆ ಎಂದು, ಏನೇ ತಪ್ಪಾಗಲಿ, ತಾವು ಹೇಳಿದ್ದನ್ನು ಅಲ್ಲೇ ನುಂಗಿ, ಅದರ ಬದಲು ಈ ಒಂದು ಸಭ್ಯ ವಾಕ್ಯವನ್ನು ತೋರಿಸುವಂತೆ ನಾನೇ ಏರ್ಪಾಡು ಮಾಡಿದ್ದೆ. ತಿಪ್ಪೆ ಸಾರಿಸಿ ರಂಗೋಲಿ ಹಾಕುವುದಕ್ಕೆ ನಾನಿಟ್ಟ ಹೆಸರು ಬಳಕೆದಾರ ಸ್ನೇಹಿ. ಸಾಫ್ಟ್‌ವೇರಿನ ಮೂಲ ಬರಹ ತೆಗೆದು ನೋಡಿದರೆ ಆ ಸಾಲಿನ ಪಕ್ಕದಲ್ಲಿ ನನ್ನದೇ ಟಿಪ್ಪಣಿ ಇತ್ತು: 'ಯಾರನ್ನೂ ಹೆದರಿಸಬಾರದು'. ಗುರುವಾರದಿಂದ ತಾವು ಪ್ರತಿ ಸಲವೂ ಬಂದು, ಇಂಥದ್ದೇ ಕಾರಣ ಎಂದು ಹೇಳುತ್ತಲೇ ಇದ್ದಿರಿ, ನಾನು ಹರೆಯದಲ್ಲಿ ಬಾಗಿಲಿಗೆ ನಿಲ್ಲಿಸಿ ಹೋದ ಕಾವಲುಗಾರ ತಮ್ಮ ಬಾಯಿ ಮುಚ್ಚಿಸಿ, ಒಳಗಿದ್ದ ನನಗೆ 'ಆಮೇಲೆ ಬನ್ನಿ' ಎಂದು ಹೇಳುತ್ತಿದ್ದ.

ಆ ಸಾಲನ್ನು ಅಳಿಸಿದೆ. ಮರುಕ್ಷಣ ತಾವು ಮಾತಾಡಿದಿರಿ. ಡ್ರೈವರಿನ ರಚನೆಗೂ ಸಾಫ್ಟ್‌ವೇರಿನ ರಚನೆಗೂ ಹೊಂದಿಕೆಯಾಗುತ್ತಿಲ್ಲ ಎಂಬ ಒಂದೇ ಮಾತು. ಒಮ್ಮೆಗೆ ಹಿಡಿಯುವ ಮಾಹಿತಿಯ ಅಗಲದ ಲೆಕ್ಕದಲ್ಲಿ ನನ್ನ ಸಾಫ್ಟ್‌ವೇರ್ ಹಳೆಯ ಮೂವತ್ತೆರಡು ಬಿಟ್ಟಿನದು. ಹೊಸ ಕಂಪ್ಯೂಟರಿಗೆ ನಾನು ಕರೆತಂದ ತಮ್ಮ ಮೂರೂ ಆವೃತ್ತಿಗಳು ಅರವತ್ನಾಲ್ಕು ಬಿಟ್ಟಿನವು. ಅಗಲ ಹಳಿಯ ಗಾಡಿ ಕಿರಿದಾದ ಹಳಿಯ ಮೇಲೆ ಓಡದು, ಗಾಡಿ ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ. ಪರೀಕ್ಷೆಯ ಕಿಟಕಿಯೂ ಅರವತ್ನಾಲ್ಕರದೇ ಆದ್ದರಿಂದ ಅಲ್ಲಿ ತಾವು ಯಶಸ್ವಿ ಎಂದದ್ದು ಸತ್ಯ, ಇಲ್ಲಿ ಆಗದು ಎಂದದ್ದೂ ಸತ್ಯ. ಇದನ್ನು ಫೋನಿನಲ್ಲಿ ಹೆಂಡತಿಗೆ ಹೇಳಿದೆ. ಅವಳು ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು, ಮಾತಿನಲ್ಲಿ ಉಳಿತಾಯ ಜಾಸ್ತಿ. "ಹೊಂದಾಣಿಕೆ ಇಲ್ಲ ಅಂತ ತಿಳಿಯೋಕೆ ಮೂರು ದಿನ ಬೇಕಾಯ್ತಾ? ನಂಗೆ ಮದುವೆಯಾದ ಮೊದಲ ಸಂಜೆಗೇ ತಿಳೀತು" ಎಂದು ಫೋನಿಟ್ಟಳು.

ಮೂವತ್ತೆರಡರ ತಮ್ಮ ಸೋದರರನ್ನು ಕರೆತಂದ ಮೇಲೂ ಒಂದು ಗಂಟೆ ನಾನು ಅವರನ್ನು ಸಿದ್ಧತೆಗಳ ಕಿಟಕಿಯಲ್ಲಿ ಹುಡುಕಿದೆ, ಅವರು ಕಾಣಲಿಲ್ಲ. ಕಿಟಕಿಗಳು ಎರಡಿವೆ, ಎರಡೂ ಅವಳಿಜವಳಿ, ಮತ್ತು ಮೂವತ್ತೆರಡು ಎಂದು ಹೆಸರಿರುವ ಫೋಲ್ಡರಿನಲ್ಲಿ ಅರವತ್ನಾಲ್ಕರ ಕಿಟಕಿ, ಅರವತ್ನಾಲ್ಕು ಎಂದಿರುವ ಕಡೆ ಮೂವತ್ತೆರಡರದು. ಇದನ್ನು ಬೇಕಾದರೆ ನಾನು ಬಲವಾಗಿ ಖಂಡಿಸಬಹುದು. ಆದರೆ ನನ್ನ ತಾಯಿ ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ಮೂವತ್ತು ವರ್ಷ ಉಪ್ಪು ಇಟ್ಟವರು, ಕೇಳಿದರೆ "ಮನೇಲಿರೋರಿಗೆಲ್ಲ ಗೊತ್ತಲ್ಲ" ಅನ್ನುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನಿಗೆ ಈ ವಿಷಯದಲ್ಲಿ ದೂರುವ ಬಾಯಿಲ್ಲ.

ಶನಿವಾರ ನಾಲ್ಕು ಗಂಟೆಗೆ ಸಾಫ್ಟ್‌ವೇರ್ ತೆರೆಯಿತು. ಅಂಚೆಯಣ್ಣನ ಹದಿನೈದು ಅಳತೆಗಳನ್ನು ನಾನು ಓದಿದೆ, ಮೇಸ್ತ್ರಿ ಬರೆದುಕೊಂಡರು. ಎಲ್ಲಿ ಎಂದರೆ ಬಟ್ಟೆಯ ಪಟ್ಟಿಯ ಮೇಲೆ, ನನ್ನ ಕಣ್ಣೆದುರೇ, ಮತ್ತು ನಾನು ತುಟಿ ಪಿಟಕ್ಕೆನ್ನಲಿಲ್ಲ. ಭಾನುವಾರ ಇಡೀ ದಿನ ಅವರು ಕೂತು ಬಟ್ಟಲು ಮಾಡಿದರು, ನಾನು ಪಕ್ಕದಲ್ಲಿ ಕೂತು, ಕೇಳಿದಾಗ ಉಪ್ಪುಕಾಗದ ಎತ್ತಿಕೊಟ್ಟೆ. ನಾಲ್ಕು ದಿನದಲ್ಲಿ ನಾನು ಮಾಡಿದ ತಪ್ಪಿಲ್ಲದ ಕೆಲಸವೆಂದರೆ ಅದೊಂದೇ.

ಇನ್ನು ನನ್ನ ಬೇಡಿಕೆಗಳು. ತಾವು ದಯಮಾಡಿ ಕನ್ನಡ ಕಲಿಯಬೇಕು, ಕಡೇಪಕ್ಷ ನಮ್ಮ ಮೇಸ್ತ್ರಿಯಷ್ಟು ನೇರವಾದ ಕನ್ನಡ. ನನ್ನಂಥವರು ತಮ್ಮ ಮಾತನ್ನು ನುಂಗಿದಾಗ ಕಂಪ್ಯೂಟರಿನ ಒಳಗಿಂದ ಗಟ್ಟಿಯಾಗಿ ಕೆಮ್ಮಬೇಕು. ಒಂದೇ ಗುಂಡಿಯನ್ನು ನಾನು ಆರನೇ ಸಲ ಒತ್ತಿದರೆ ಗುಂಡಿ ನನ್ನ ಬೆರಳು ಕಚ್ಚುವಂತೆ ಏರ್ಪಾಡಾಗಬೇಕು. ಸಾಧ್ಯವಾದರೆ ಹದಿನಾರು ವರ್ಷ ಹಿಂದಕ್ಕೆ ಹೋಗಿ, ಆ ಭಾನುವಾರ ಮಧ್ಯಾಹ್ನ ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಯುವಕನನ್ನು ಎಬ್ಬಿಸಿ ಹೊರಗೆ ಒಂದು ಸುತ್ತು ನಡೆಸಿಕೊಂಡು ಬರಬೇಕು. ಹಾಗೆಯೇ, ದೋಷ ಸಂಪೂರ್ಣವಾಗಿ ತಮ್ಮದೆಂದು ಒಪ್ಪಿಕೊಂಡು ಅಧೀಕ್ಷಕರಿಗೆ ಎರಡು ಸಾಲು ಬರೆದುಕೊಟ್ಟರೆ ನನ್ನ ಮಾನ ಉಳಿಯುತ್ತದೆ. ತಾವು ಸುಳ್ಳು ಹೇಳುವವರಲ್ಲ ಎಂಬುದು ಈಗ ನನಗೆ ಗೊತ್ತಿರುವುದರಿಂದ ಈ ಕೊನೆಯದನ್ನು ಒತ್ತಾಯಿಸುವುದಿಲ್ಲ.

ಸೋಮವಾರ ಒಂಬತ್ತಕ್ಕೆ ಮೇಸ್ತ್ರಿ ಹೊಸ ಕಾಲು ತೊಡಿಸಿದರು. ಭಾನುವಾರದ ವಿಶ್ರಾಂತಿಗೆ ಊತ ಇಳಿದಿತ್ತು; ಒಣಗದ ಗಾಯದ ಮೇಲೆ ಬಟ್ಟಲು ಕೂತಾಗ ಅಂಚೆಯಣ್ಣ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಹನ್ನೊಂದಕ್ಕೆ ವೈದ್ಯರು ಅವರನ್ನು ಉದ್ದನೆಯ ಮೊಗಸಾಲೆಯಲ್ಲಿ ಮೂರು ಸಲ ನಡೆಸಿ, ಮೆಟ್ಟಿಲು ಹತ್ತಿಸಿ ಇಳಿಸಿ, ಕಾಗದಕ್ಕೆ ಸಹಿ ಹಾಕಿದರು. ಬೀದಿಗಳು ಅವರಿಗೇ ಉಳಿದವು. ಹೊರಗೆ ಕಾಯುತ್ತಿದ್ದ ನನಗೆ ತಡೆಯಲಾಗದೆ, ತಪ್ಪು ಡ್ರೈವರಿನದಲ್ಲ, ತಂತಿಯದಲ್ಲ, ಮೊದಲಿಂದ ಕೊನೆವರೆಗೂ ನನ್ನದೇ, ಗುರುವಾರ ಸಂಜೆಯೇ ನನಗೆ ಏನೂ ಗೊತ್ತಾಗುತ್ತಿಲ್ಲವೆಂದು ನನಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಪರವಾಗಿಲ್ಲ ಬಿಡಿ ಎನ್ನುತ್ತಾರೆಂದು ಕಾದೆ. ಅವರು ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಗೊತ್ತಾಗ್ತಿಲ್ಲ ಅಂತ ಅವತ್ತೇ ಅಂದಿದ್ರೆ, ಮೂರು ದಿನ ಮನೇಲಿ ಕಾಲು ಚಾಚಿ ಮಲಗಿರ್ತಿದ್ದೆ ಸಾರ್. ಗಾಯ ಒಣಗಿರ್ತಿತ್ತು."

ನನ್ನ ಸಾಫ್ಟ್‌ವೇರ್ ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದ್ದೆ, ಅಷ್ಟೇ ಸಭ್ಯವಾಗಿ. ಅದನ್ನು ಕೇಳಿ ನಾನು ಬಸ್ಸು ಹತ್ತಬೇಕಾಗಿ ಬರಲಿಲ್ಲ, ಅವರು ಹತ್ತಿದ್ದರು. ಆ ಮೂರು ದಿನಗಳ ಬಗ್ಗೆ ನನಗೆ ನಿಜವಾಗಿ ದುಃಖವಿದೆ, ಮತ್ತು ಇದನ್ನು ಬರೆಯುವಾಗ ನಾನು ತಮಾಷೆ ಮಾಡುತ್ತಿಲ್ಲ.

ತಪ್ಪಾದರೆ ಈಗ ನಮ್ಮ ಪರದೆಯ ಮೇಲೆ ತಾವು ಹೇಳಿದ್ದು ಹೇಳಿದ ಹಾಗೇ ಬರುತ್ತದೆ, ಅದರ ಮೇಲೆ ನನ್ನ ಫೋನ್ ನಂಬರ್ ಇರುತ್ತದೆ. ಮೇಸ್ತ್ರಿ ಅದನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಾರೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನುವುದನ್ನು ನಾನು ಅಭ್ಯಾಸ ಮಾಡುತ್ತಿದ್ದೇನೆ. ಕನ್ನಡಿಯ ಮುಂದೆ ಬರುತ್ತದೆ, ಅಧೀಕ್ಷಕರ ಮುಂದೆ ಇನ್ನೂ ಬರುತ್ತಿಲ್ಲ.

ಇಂತು, ಶನಿವಾರ ಮಧ್ಯಾಹ್ನದಿಂದೀಚೆಗೆ ಮಾತ್ರ
ತಮ್ಮ ವಿಶ್ವಾಸಿ,
ಗಣಕ ಮೇಲ್ವಿಚಾರಕ
(ಪದವಿಯ ಹೆಸರನ್ನು ನಾನೇ ಇಟ್ಟುಕೊಂಡದ್ದು)

ತಾ.ಕ. (ನೋಟಿಸ್ ಬೋರ್ಡಿನ ಪ್ರತಿಗೆ ಆಮೇಲೆ ಸೇರಿಸಿದ್ದು): ಬೋರ್ಡಿಗೆ ಹಾಕಿದ ಮೇಲೆ ಮೂಲ ಪ್ರತಿಯನ್ನು ಕ್ರಮಪ್ರಕಾರ ತಮಗೇ ಕಳಿಸಬೇಕೆಂದು ಲಕೋಟೆಗೆ ಹಾಕಿ, ಮೇಲೆ ತಮ್ಮ ಹೆಸರಷ್ಟೇ ಬರೆದು, ಇವತ್ತು ಕಾಗದ ಹಂಚುವ ಸುತ್ತಿನಲ್ಲಿ ಬಂದ ಅಂಚೆಯಣ್ಣನ ಕೈಯಲ್ಲಿಟ್ಟೆ. ಅವರು ಲಕೋಟೆ ತಿರುಗಿಸಿ ನೋಡಿ, ವಿಳಾಸವಿಲ್ಲದ ಕಾಗದ ಎಲ್ಲಿಗೆ ಹೋಗುತ್ತೆ ಗೊತ್ತಾ ಸಾರ್ ಎಂದರು. ನನಗೆ ಗೊತ್ತಿಲ್ಲ ಎಂದೆ. ಅಭ್ಯಾಸ ಫಲ ಕೊಟ್ಟಿತು. "ಬರೆದೋರ ಮನೆಗೇ ವಾಪಸ್ ಬರುತ್ತೆ. ನಾನೇ ತಂದುಕೊಡ್ತೀನಿ, ನಡ್ಕೊಂಡು" ಅಂದು, ಚೀಲ ಹೆಗಲಿಗೇರಿಸಿ ಹೊರಟರು.